ದೋಣಿಯಲ್ಲಿ ಚಂದ್ರ ಗುನುಗಿದ್ದು

ಜೂನ್ ೨, ಭಾನುವಾರ

ಪ್ರೀತಿಯ ಚಿಕ್ಕಮ್ಮನಿಗೆ,

ನಿಮ್ಮ ಸಿಡುಕಿಯ ನಮಸ್ಕಾರಗಳು. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಬೈಯಲೇಬೇಕು ಅನಿಸಿದರೆ ಸ್ಲೇಟಿನ ಮೇಲೆ ಬರೆದು, ಜೊತೆಗಿರುವ ನಿಮ್ಮಕ್ಕನ ಕೈಗೆ ಕೊಡಿ. ಅವರು ಫೋನ್ ಮಾಡಿ, ನಿಮ್ಮ ಪಾಲಿನ ಬೈಗುಳಕ್ಕೆ ತಮ್ಮ ಪಾಲಿನದನ್ನೂ ಸೇರಿಸಿ ನನಗೆ ಮುಟ್ಟಿಸುತ್ತಾರೆ. ಆ ವಿಷಯದಲ್ಲಿ ಅವರು ಯಾವತ್ತೂ ಕೈ ಬಿಗಿ ಹಿಡಿದವರಲ್ಲ.

'ಚಿಕ್ಕಮ್ಮನಿಗೇ ಫೋನ್ ಮಾಡಬಹುದಲ್ವಾ' ಅಂತ ಇವರು ಕೇಳಿದರು. ಗಂಡಸರಿಗೆ ಎಲ್ಲ ಬಿಡಿಸಿ ಹೇಳಬೇಕು. ಗಂಟಲಿನ ಆಪರೇಷನ್ ಆದಮೇಲೆ ಒಮ್ಮೆ ಮಾಡಿದ್ದೆನಲ್ಲ, ಈ ಕಡೆಯಿಂದ ನಾನೊಬ್ಬಳೇ ವಟವಟ ಅನ್ನುತ್ತಿದ್ದೆ, ಆ ಕಡೆಯಿಂದ ನಿಮ್ಮ ಉಸಿರು ಮಾತ್ರ ಕೇಳುತ್ತಿತ್ತು. ಹೂಂ ಅನ್ನುವ ಜಾಗದಲ್ಲಿ ನೀವು ಫೋನನ್ನು ಬೆರಳಿನಿಂದ ತಟ್ಟುತ್ತಿದ್ದಿರಿ. ಫೋನ್ ಇಟ್ಟು, ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ಅತ್ತುಬಿಟ್ಟೆ. ಕಾಗದದಲ್ಲಿ ಆ ತೊಂದರೆ ಇಲ್ಲ. ಇಲ್ಲಿ ನಾವಿಬ್ಬರೂ ಸಮ, ಇಬ್ಬರೂ ಬರೆದೇ ಹೇಳಬೇಕು.

ಅವತ್ತು ಸಂಜೆ ನಿಮ್ಮ ದನಿ ಎಲ್ಲಾದರೂ ಉಳಿದಿದೆಯಾ ಅಂತ ನಮ್ಮ ಫೋನುಗಳನ್ನೆಲ್ಲ ಜಾಲಾಡಿದೆ. ಒಂದು ಮಾತಾದರೂ ಸಿಗಬೇಕಲ್ಲ! ಎಲ್ಲ ವಿಡಿಯೋದಲ್ಲೂ ನೀವು ಕೈ ಅಡ್ಡ ಹಿಡಿದುಕೊಂಡು ಬಾಗಿಲ ಹಿಂದೆ ಸರಿಯುತ್ತೀರಿ. ಒಂದರಲ್ಲಿ ಸೆರಗಿನ ತುದಿ ಮಾತ್ರ ಇದೆ. ನಿಮ್ಮ ದನಿ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಲು ಹೋದರೆ ಮಾತುಗಳು ಬರುತ್ತವೆ, ದನಿ ಬರುವುದಿಲ್ಲ. ಅದು ನನ್ನನ್ನು ತುಂಬಾ ಹೆದರಿಸಿಬಿಟ್ಟಿದೆ, ಚಿಕ್ಕಮ್ಮ.

ಇರಲಿ. ಇಲ್ಲಿ ಎಲ್ಲರೂ ಆರಾಮ. ಇವರು ಊರಿನವರ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ಬಂದು, ಲಿಫ್ಟಿಲ್ಲದ ನಮ್ಮ ಕಟ್ಟಡದ ಮೆಟ್ಟಿಲು ಹತ್ತುತ್ತಾ ಸೊಂಟಕ್ಕೆ ಶಾಪ ಹಾಕುತ್ತಾರೆ. ನನ್ನ ಹಲ್ಲಿನ ಕೆಲಸವೂ ನಡೆದಿದೆ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಮೇಣದಲ್ಲಿ ಹಲ್ಲು ಕೂರಿಸಿ ಸೆಟ್ ಕಟ್ಟುತ್ತೇನೆ. ಹೋದ ವಾರ ಒಬ್ಬರು ಮೇಷ್ಟರು ಖುದ್ದು ಬಂದು, 'ಮುಂದಿನ ಎರಡು ಹಲ್ಲಿನ ಮಧ್ಯೆ ಸಂದು ಬಿಡಮ್ಮ' ಅಂದರು. 'ಸಂದು ಯಾಕೆ ಸಾರ್, ಸಾಲಾಗಿ ಕೂರಿಸಿದ್ರೆ ಲಕ್ಷಣವಾಗಿರುತ್ತೆ' ಅಂದೆ. 'ನಮ್ಮನೆಯವಳು ಆ ಸಂದು ನೋಡಿಕೊಂಡೇ ಇಷ್ಟು ವರ್ಷ ಬದುಕಿದಾಳೆ. ಈಗ ಮುಚ್ಚಿಬಿಟ್ರೆ ಯಾರಪ್ಪಾ ಈ ಗಂಡಸು ಅಂತಾಳೆ' ಅಂದರು. ನಗುತ್ತಾ ಸಂದು ಬಿಟ್ಟುಕೊಟ್ಟೆ.

ಈಗ ಮುಖ್ಯ ಸುದ್ದಿ. ಕೂತಿದ್ದೀರಿ ತಾನೇ? ನಮ್ಮ 'ದೀಪದಜ್ಜನ ದೋಣಿ' ಡಿಸ್ಕಿನಲ್ಲಿ ಬರುತ್ತಿದೆ!

ನೀವು ನಗುತ್ತಿದ್ದೀರಿ, ನನಗೆ ಗೊತ್ತು. ತಲೆಗೆ ಬಣ್ಣ ಹಚ್ಚುವ ವಯಸ್ಸಿನ ಹೆಂಗಸು ಅರ್ಧ ಗಂಟೆಯ ಕಾರ್ಟೂನಿಗಾಗಿ ಹೀಗೆ ಕುಣಿಯುವುದಾ ಅಂತ. ಕುಣಿಯುತ್ತೇನೆ. ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಹೊತ್ತಿಗೆ, ಟೀವಿಯಲ್ಲಿ ಆ ವಿಶೇಷ ಕಾರ್ಟೂನುಗಳು ಬರುತ್ತಿದ್ದವಲ್ಲ, ಅವುಗಳಿಗಾಗಿ ಬಾಯಿ ಬಡಿದುಕೊಳ್ಳುವವರದ್ದೇ ಒಂದು ಗುಂಪಿದೆ ನಮ್ಮದು. ನಮ್ಮ ಅಧ್ಯಕ್ಷರು ನಿವೃತ್ತ ಬಸ್ ಡ್ರೈವರು. ಆ ಕಾರ್ಟೂನುಗಳ ಹಕ್ಕಿರುವ ಕಂಪನಿಗೆ ಅರ್ಜಿ ಬರೆದು ಬರೆದು ಅವರ ಕೈಬರಹ ಸುಧಾರಿಸಿದ್ದೇ ಬಂತು, ಇಷ್ಟು ವರ್ಷ ಉತ್ತರ ಬಂದಿರಲಿಲ್ಲ. ಈಗ ಬಂದಿದೆ. ಮೊದಲು 'ದೀಪದಜ್ಜ', ಅದು ಜನಕ್ಕೆ ಹಿಡಿಸಿದರೆ 'ಟೋಪಿ ಹೊಲಿಯುವ ಇಲಿ', ಆಮೇಲೆ 'ನಿದ್ದೆ ಬಾರದ ರೈಲು'. ಗುಂಪಿನಲ್ಲಿ ಈಗಲೇ ಜಗಳ ಶುರುವಾಗಿದೆ. ಡಬ್ಬಿಯ ಮೇಲೆ ಯಾವ ಚಿತ್ರ ಇರಬೇಕು, ಈಗಿನ ಅಗಲದ ಟೀವಿಗೆ ಅಂತ ಮೇಲೆ ಕೆಳಗೆ ಕತ್ತರಿಸಿಬಿಟ್ಟರೆ ಏನು ಗತಿ, ಅಜ್ಜನ ಮಫ್ಲರಿನ ಬಣ್ಣ ಯಾವುದು. ಆಗ ನಮ್ಮ ಮನೆಯ ಟೀವಿ ಕಪ್ಪು ಬಿಳುಪಿನದು, ನಾನು ಆ ಮಫ್ಲರಿನ ಬಣ್ಣ ಕಂಡವಳೇ ಅಲ್ಲ. ಆದರೂ ನೀಲಿ ಅಂತ ವಾದ ಮಾಡಿ ಗೆದ್ದು ಬಂದೆ.

ಕಥೆ ನಿಮಗೆ ಮರೆತಿರಬಹುದು. ಬೀದಿ ದೀಪ ಹಚ್ಚುವ ಅಜ್ಜ. ಅವನ ಜೊತೆಗೊಂದು ಕೊಬ್ಬಿನ ಬಾತುಕೋಳಿ, ಬೀದಿಯವರಿಗೆಲ್ಲ ಗದರಿಸುವುದೇ ಅದರ ಕೆಲಸ. (ಅಪ್ಪ ನನಗೆ ಸಿಡುಕಿ ಅಂತ ಹೆಸರಿಟ್ಟಿದ್ದು ಅದನ್ನು ನೋಡಿಯೇ.) ಒಂದು ಸಂಜೆ ಚಂದ್ರ ಕಾಲು ಜಾರಿ ಕೆರೆಗೆ ಬೀಳುತ್ತಾನೆ. ಅಜ್ಜ ಅವನನ್ನು ಎತ್ತಿ ದೋಣಿಯಲ್ಲಿ ಕೂರಿಸಿಕೊಂಡು, ತನ್ನ ಕೋಟು ಹೊದಿಸಿ, ಆಚೆ ದಡದ ಗುಡ್ಡಕ್ಕೆ ಕರೆದೊಯ್ಯುತ್ತಾನೆ. ನಡುಕೆರೆಯಲ್ಲಿ ಚಂದ್ರ ಗುನುಗಲು ಶುರು ಮಾಡುತ್ತಾನೆ. ಮಾತಿಲ್ಲ, ಬರೀ ರಾಗ. ಹುಟ್ಟು ದೋಣಿಗೆ ತಾಗುವ ಸದ್ದು ಧಡ್, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಧಡ್, ಅದರ ಮಧ್ಯೆ ಆ ಗುನುಗು. ಕೊನೆಗೆ ದೋಣಿ ಮರಳಿನ ಮೇಲೆ ಶ್ ಅಂತ ಏರುತ್ತದೆ, ಬಾತುಕೋಳಿ ಪಟಪಟ ರೆಕ್ಕೆ ಬಡಿಯುತ್ತದೆ. ಅಷ್ಟೇ.

ಅಮ್ಮ ಹೋದ ಮರುವರ್ಷ, ನೀವು ನಮ್ಮ ಮನೆಗೆ ಬಂದ ಆ ಚಳಿಗಾಲದಲ್ಲಿ, ಅಪ್ಪ ಅದನ್ನು ಕ್ಯಾಸೆಟ್ಟಿಗೆ ಹಿಡಿದುಕೊಟ್ಟರು. ಚಿತ್ರ ಹಿಡಿಯುವ ಯಂತ್ರ ನಮ್ಮಲ್ಲೆಲ್ಲಿತ್ತು? ಗಡಿಯಾರ ರಿಪೇರಿಯ ಅಂಗಡಿಯಿಂದ ಟೇಪ್ ರೆಕಾರ್ಡರ್ ತಂದು, ಸ್ಟೂಲಿನ ಮೇಲೆ ಟೀವಿಯ ಬಾಯಿಗೆ ಹಿಡಿದಿಟ್ಟರು. 'ಉಸಿರಾಡೋದಿದ್ರೂ ಮೆಲ್ಲಗೆ ಆಡಿ' ಅಂತ ಹುಕುಂ. ನನಗಾಗ ನಿದ್ದೆ ಬರುತ್ತಿರಲಿಲ್ಲ. ನೀವು ಬಂದು ತಟ್ಟಲು ಕೂತರೆ ನಾನು ಗೋಡೆ ಕಡೆ ತಿರುಗುತ್ತಿದ್ದೆ. ಆಮೇಲಾಮೇಲೆ ನೀವು ಬಾಗಿಲಲ್ಲೇ ನಿಂತು, 'ಲೋಟದಲ್ಲಿ ನೀರಿಟ್ಟಿದೀನಿ' ಅಂದು ಹೋಗುತ್ತಿದ್ದಿರಿ. ನಾನು ಕ್ಯಾಸೆಟ್ ಹಾಕಿಕೊಳ್ಳುತ್ತಿದ್ದೆ. ಚಂದ್ರ ಗುನುಗುವಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು. ಎಷ್ಟು ವರ್ಷ ನನ್ನನ್ನು ಮಲಗಿಸಿದ್ದು ಆ ಚಂದ್ರನೇ.

ಆ ವರ್ಷವೇ ಕೊನೆ, ಮತ್ತೆ ಅದು ಟೀವಿಯಲ್ಲಿ ಬರಲಿಲ್ಲ. ಕ್ಯಾಸೆಟ್ಟು ಸವೆದು ಇನ್ನೊಮ್ಮೆ ಹಾಕಿದರೆ ಕಿತ್ತೇಹೋಗುತ್ತದೆ ಅನ್ನುವ ಹಾಗಾದಮೇಲೆ ನಾನೂ ಅದನ್ನು ಮುಟ್ಟಿಲ್ಲ. ಈಗ ನೋಡಿ, ಕಂಪನಿಯ ಬಳಿ ಚಿತ್ರದ ರೀಲು ಚೆನ್ನಾಗಿದೆಯಂತೆ, ದನಿಯ ರೀಲು ಮಾತ್ರ ದೋಣಿಯ ಭಾಗದಲ್ಲಿ ಕೊಳೆತುಹೋಗಿದೆಯಂತೆ. 'ಯಾರ ಮನೆಯಲ್ಲಾದರೂ ರೆಕಾರ್ಡ್ ಇದೆಯಾ' ಅಂತ ಗುಂಪಿಗೆ ಕೇಳಿಕೊಂಡು ಬಂದರು. ಇದ್ದದ್ದು ನನ್ನದೊಂದೇ! ಬಟ್ಟೆ ಸುತ್ತಿ, ಹಲ್ಲಿನ ಅಚ್ಚು ಕಳಿಸುವ ಡಬ್ಬಿಯಲ್ಲಿಟ್ಟು ಕಳಿಸಿದ್ದೇನೆ. ಕಳಿಸಿದ ದಿನದಿಂದ ಎದೆ ಹೊಡೆದುಕೊಳ್ಳುತ್ತಿದೆ. 'ಅದೇನು ನಿನ್ನ ಕಿಡ್ನಿಯಾ' ಅಂತ ಇವರು ಕೇಳುತ್ತಾರೆ.

ಡಿಸ್ಕ್ ಬಂದ ತಕ್ಷಣ ನಿಮಗೊಂದು ಕಳಿಸುತ್ತೇನೆ. ಮಾತಾಡಲು ಆಗದಿದ್ದರೇನು, ಕೇಳಲು ಏನು ಅಡ್ಡಿ? ಆ ಗುನುಗು ಕೇಳಿದರೆ ನಿಮ್ಮ ಗಂಟಲಿಗೂ ಸ್ವಲ್ಪ ತಂಪಾದೀತು ಅಂತ ನನ್ನ ಆಸೆ. ನಿಮಗೆ ಅದು ನೆನಪಿದೆಯಾ? ಗುಂಪಿನಲ್ಲಿ ಒಬ್ಬರಿಗೂ ನೆನಪಿಲ್ಲವಂತೆ, ಮರೆಗುಳಿಗಳು. ಬರೆದು ತಿಳಿಸಿ.

ಬಿಸಿನೀರು ಬಿಡಬೇಡಿ, ಶಾಲು ಸುತ್ತಿಕೊಳ್ಳಿ. ನಿಮ್ಮ ಆಶೀರ್ವಾದದ ಕೈ ನನ್ನ ತಲೆ ಮೇಲಿರಲಿ.

ನಿಮ್ಮ
ಸಿಡುಕಿ


ಜನವರಿ ೧೧, ಶನಿವಾರ

ಪ್ರೀತಿಯ ಚಿಕ್ಕಮ್ಮನಿಗೆ,

ನಮಸ್ಕಾರ. ಮತ್ತೆ ತಡ, ಮತ್ತೆ ಅದೇ ಕ್ಷಮೆ. ನಿಮ್ಮ ಕಾರ್ಡು ಕನ್ನಡಿಯ ಅಂಚಿಗೆ ಸಿಕ್ಕಿಸಿದ್ದೇನೆ, ದಿನಾ ತಲೆ ಬಾಚುವಾಗ ಕಾಣುತ್ತದೆ. 'ಚಂದ್ರ ಹಾಡಿದ್ದು ನನಗೆ ನೆನಪಿಲ್ಲ ಮಗಳೇ. ಆ ಹೊತ್ತಿಗೆ ನಾನು ಹಿಂದೆ ಇಸ್ತ್ರಿ ಮಾಡ್ತಿದ್ದೆ, ಟೀವಿಗೆ ಬೆನ್ನು' ಅಂತ ಬರೆದಿದ್ದೀರಿ. ನಿಮ್ಮನ್ನು ಮರೆಗುಳಿಗಳ ಪಟ್ಟಿಗೆ ಸೇರಿಸಲು ಮನಸ್ಸಾಗಲಿಲ್ಲ. ಬೆನ್ನು ತಿರುಗಿಸಿದವರಿಗೆ ರಿಯಾಯಿತಿ ಕೊಟ್ಟಿದ್ದೇನೆ.

ಡಿಸ್ಕ್ ಬಂತು. ನಿಮಗೆ ಕಳಿಸಿಲ್ಲ. ಯಾಕೆ ಅಂತ ಹೇಳುತ್ತೇನೆ, ನನ್ನ ಹೊಟ್ಟೆ ಉರಿಯುತ್ತಿದೆ.

ಹೋದ ಭಾನುವಾರ ಮಧ್ಯಾಹ್ನ ಪರದೆ ಎಳೆದು, ಇವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹಾಕಿದೆ. ಏನು ಹೇಳಲಿ, ಚಿಕ್ಕಮ್ಮ! ನಾನು ಇಷ್ಟು ವರ್ಷ ಬೂದಿ ಬಣ್ಣದಲ್ಲಿ ನೆನೆಸಿಕೊಂಡಿದ್ದ ಊರು ತಿಳಿ ಜೇನಿನ ಬಣ್ಣದ್ದಂತೆ. ಅಜ್ಜ ಒಂದೊಂದೇ ದೀಪ ಹಚ್ಚುತ್ತಾ ಬಂದರೆ ಬೀದಿ ಒಂದೊಂದೇ ಹೆಜ್ಜೆ ಎಚ್ಚರಗೊಳ್ಳುತ್ತದೆ. ಕಿಟಕಿಗಳಲ್ಲಿ ಒಬ್ಬೊಬ್ಬರು. ಬಾತುಕೋಳಿ ಎಲ್ಲರಿಗೂ ಗದರಿಸಿಕೊಂಡು ಹಿಂದಿಂದೆ. ಮಫ್ಲರು ಸಾಸಿವೆ ಬಣ್ಣ, ನಾನು ಸೋತೆ. ಚಂದ್ರ ಕೆರೆಗೆ ಬಿದ್ದಾಗ ನೀರೆಲ್ಲ ಹಾಲಾಗಿಬಿಡುತ್ತದೆ. ನಾನು ಇವರ ತೋಳು ಹಿಡಿದುಕೊಂಡೆ. 'ಈಗ, ಈಗ ಬರುತ್ತೆ ನೋಡಿ' ಅಂದೆ. ದೋಣಿ ಹೊರಟಿತು.

ಏನೂ ಬರಲಿಲ್ಲ.

ನೀರಿನ ತಟತಟ, ದೂರದಲ್ಲೊಂದು ಕೊಳಲು, ಮತ್ತೇನಿಲ್ಲ. ಹುಟ್ಟಿನ ಧಡ್ ಇಲ್ಲ, ಗುನುಗಿಲ್ಲ. ದೋಣಿ ಆಚೆ ದಡ ಸೇರಿತು, ಮರಳಿನ ಶ್ ಇಲ್ಲ. ಬಾತುಕೋಳಿ ಮಾತ್ರ ರೆಕ್ಕೆ ಬಡಿಯಿತು. ನಾನು ಎದ್ದು ನಿಂತುಬಿಟ್ಟೆ. ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ, ದನಿ ಪೂರ್ತಿ ಏರಿಸಿದೆ, ಪಕ್ಕದ ಮನೆಯವರು ಗೋಡೆ ತಟ್ಟಿದರು. ಇಲ್ಲ, ಚಿಕ್ಕಮ್ಮ. ಚಂದ್ರ ಕೋಟು ಹೊದ್ದುಕೊಂಡು ಸುಮ್ಮನೆ ಕೂತಿದ್ದಾನೆ, ನನ್ನನ್ನು ಕಂಡೇ ಇಲ್ಲದವನ ಹಾಗೆ.

'ಬಹಳ ಚೆನ್ನಾಗಿದೆಯಲ್ಲ, ಏನಾಯ್ತು ನಿಂಗೆ?' ಅಂದರು ಇವರು.

'ಚಂದ್ರನ ಬಾಯಿ ಮುಚ್ಚಿಸಿದಾರೆ!'

'ನಿನಗೆ ಕನಸೇನೋ. ಚಿಕ್ಕವಳಿದ್ದಾಗ ನಿದ್ದೆಗಣ್ಣಲ್ಲಿ ಏನೋ ಕೇಳಿರ್ತೀಯ.'

ಆ ಮಾತಿಗೆ ನಾನು ರಾತ್ರಿ ಅಡುಗೆ ಮಾಡಲಿಲ್ಲ, ಅವರೇ ಬ್ರೆಡ್ಡು ಸುಟ್ಟುಕೊಂಡರು. ಅಧ್ಯಕ್ಷರಿಗೆ ಫೋನ್ ಮಾಡಿದೆ. 'ಅಮ್ಮಾ, ಇಷ್ಟು ಚೆನ್ನಾಗಿ ಮಾಡಿಕೊಟ್ಟಿದಾರೆ, ಈಗ ಜಗಳ ತೆಗೆದ್ರೆ ಇಲಿಯೂ ಬರಲ್ಲ, ರೈಲೂ ಬರಲ್ಲ' ಅಂತ ಬೇಡಿಕೊಂಡರು. ನಾನು ಕೇಳಲಿಲ್ಲ. ಕಂಪನಿಗೆ ಉದ್ದಕ್ಕೆ ಬರೆದು ಹಾಕಿದೆ. ಒಬ್ಬ ಮುದುಕರು ಹಲ್ಲಿನ ಸಂದನ್ನು ಹಾಗೇ ಉಳಿಸಿಕೊಡು ಅಂದರೆ ಉಳಿಸಿಕೊಡುವ ಬುದ್ಧಿ ನನಗಿದೆ, ನಿಮಗೆ ಯಾಕಿಲ್ಲ, ಚೊಕ್ಕ ಮಾಡುವ ಭರದಲ್ಲಿ ಜೀವವನ್ನೇ ಉಜ್ಜಿ ತೆಗೆದಿದ್ದೀರಿ, ನನ್ನ ಕ್ಯಾಸೆಟ್ಟಿನಲ್ಲಿ ಚಂದ್ರ ಹಾಡಿದ್ದಾನೆ, ನನ್ನ ಚಂದ್ರನನ್ನು ನನಗೆ ವಾಪಸ್ ಕೊಡಿ ಅಂತ. ಪೋಸ್ಟಿಗೆ ಹಾಕಿ ಬಂದಮೇಲೆ ಸ್ವಲ್ಪ ಸಮಾಧಾನವಾಯಿತು.

ಆದರೂ ಒಂದು ಮಾತು ನಿಮಗೆ ಮಾತ್ರ ಹೇಳುತ್ತೇನೆ. ಇವರು ಅಂದದ್ದೇ ನಿಜವಾಗಿದ್ದರೆ? ಅದು ಎಲ್ಲೂ ಇರದಿದ್ದರೆ? ನಿಮ್ಮ ದನಿ ನೆನಪಿಗೆ ಬರುತ್ತಿಲ್ಲ ಅಂತ ಬರೆದಿದ್ದೆನಲ್ಲ, ಈಗ ಇದೂ ಹೋದರೆ ಚಿಕ್ಕಂದಿನಿಂದ ನನ್ನ ಕಿವಿಯಲ್ಲಿ ಉಳಿಯುವುದೇನು? ಕೆಲಸದ ಮೇಜಿನ ಮುಂದೆ ಕೂತು ಮೇಣ ಕಾಯಿಸುತ್ತಾ ಆ ರಾಗವನ್ನು ನಾನೇ ಗುನುಗಿ ನೋಡುತ್ತೇನೆ. ಮೊದಲ ಏರು ಸರಿಯಾಗಿ ಬರುತ್ತದೆ, ಆಮೇಲೆ ಎಲ್ಲೋ ದಾರಿ ತಪ್ಪುತ್ತದೆ. ಕಿಟಕಿಯಾಚೆ ನೋಡುತ್ತಾ ಕೂತುಬಿಡುತ್ತೇನೆ, ಮೇಣ ಸೀದುಹೋಗುತ್ತದೆ.

ಚೆಕಪ್ಪಿಗೆ ಹೋಗಿ ಬಂದಿರಾ? ಡಾಕ್ಟರು ಏನಂದರು, ಬರೆಯಿರಿ. ನಿಮ್ಮಕ್ಕನಿಗೆ ನಮಸ್ಕಾರ ತಿಳಿಸಿ. ನನ್ನ ಸಿಟ್ಟು ಇಳಿಯಲಿ ಅಂತ ಹರಸಿ.

ನಿಮ್ಮ
ಸಿಡುಕಿ


ಫೆಬ್ರವರಿ ೯, ಭಾನುವಾರ

ಪ್ರೀತಿಯ ಚಿಕ್ಕಮ್ಮನಿಗೆ,

ನಮಸ್ಕಾರಗಳು. ಈ ಸಲ ತಡವಾದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಬರೆಯಲು ಕೂತಾಗೆಲ್ಲ ಎದ್ದು ಹೋಗುತ್ತಿದ್ದೆ. ಬಟ್ಟೆ ಮಡಿಸಿದೆ, ಕಪಾಟು ಒರೆಸಿದೆ, ಇವರ ಹಳೇ ಸ್ವೆಟರಿಗೆ ಗುಂಡಿ ಹಾಕಿದೆ. ಈಗ ಎಲ್ಲ ಕೆಲಸ ಮುಗಿದು ನೀವೊಬ್ಬರೇ ಉಳಿದಿದ್ದೀರಿ.

ನನ್ನ ದೂರು ಓದಿ ಕಂಪನಿಯಿಂದ ಫೋನ್ ಬಂತು. ಕೈಯಲ್ಲಿ ಮೇಣ ಹಿಡಿದುಕೊಂಡಿದ್ದೆ. ಆ ಕಡೆಯವರು ಆ ಡಿಸ್ಕಿನ ದನಿ ಸರಿಮಾಡಿದವರಂತೆ, ಹೆಸರು ಹೇಳಿದರು, ಸಿಟ್ಟಿನಲ್ಲಿ ನನ್ನ ತಲೆಗೆ ಹತ್ತಲಿಲ್ಲ. ಧ್ವನಿಯವರು ಅಂತಲೇ ಇಟ್ಟುಕೊಂಡಿದ್ದೇನೆ. ಒಂದೊಂದು ಮಾತಿಗೂ ನಿಂತು ನಿಂತು ಮಾತಾಡುವ ಮನುಷ್ಯ. ನನಗೋ, ಗದರಿಸಲು ಮೊದಲೇ ತಯಾರಾಗಿ ಕೂತ ಬಾಯಿ.

'ಮೇಡಂ, ನಿಮ್ಮ ಕಾಗದ ಓದಿದೆ' ಅಂದರು. 'ಚಂದ್ರ ಹಾಡ್ತಾನೆ ಅಂತ ಬರೆದಿದೀರ.'

'ಹಾಡ್ತಾನೆ. ನೀವು ಅಳಿಸಿದೀರ.'

'ಚಂದ್ರನಿಗೆ ಬಾಯಿಲ್ಲ ಮೇಡಂ.'

'ಏನಂದ್ರಿ?'

'ಚಿತ್ರ ಬಿಡಿಸಿದವರು ಬಾಯಿ ಇಟ್ಟಿಲ್ಲ. ಎರಡು ಕಣ್ಣು, ಅಷ್ಟೇ. ಬೇಕಾದ್ರೆ ನೋಡಿ. ಅವರ ಕಾಗದಪತ್ರದಲ್ಲೂ ಆ ಜಾಗಕ್ಕೆ ನೀರು, ಕೊಳಲು ಅಂತ ಮಾತ್ರ ಇದೆ. ನಿಮ್ಮ ಕ್ಯಾಸೆಟ್ ಇಲ್ಲದಿದ್ರೆ ನಮಗೆ ಆ ಕೊಳಲು ಸಿಗ್ತಾನೇ ಇರಲಿಲ್ಲ. ಆದ್ರೆ ಅದರ ಮೇಲೆ ನಿಮ್ಮ ಕೋಣೆ ಶಬ್ದ ಬೇರೆ ಇತ್ತು. ಅದನ್ನ ಬಿಡಿಸಿ ತೆಗೆಯೋಕೆ ತುಂಬಾ ದಿನ ಹಿಡೀತು.'

'ಕೋಣೆ ಶಬ್ದ ಅಂದ್ರೆ?'

'ಯಾರೋ ಹಿಂದೆ ಇಸ್ತ್ರಿ ಮಾಡ್ತಿದಾರೆ ಮೇಡಂ. ಪೆಟ್ಟಿಗೆ ಎತ್ತಿ ಇಡೋ ಸದ್ದು, ಧಡ್ ಅಂತ. ಬಳೆ ಸದ್ದು. ಇಸ್ತ್ರಿ ಮಾಡ್ತಾ ಮಾಡ್ತಾ ಒಬ್ಬರು ಹೆಂಗಸು ಗುನುಗ್ತಾರೆ.'

ಮೇಣ ಬೆರಳಿನ ಮೇಲೆ ಗಟ್ಟಿಯಾಗುತ್ತಿತ್ತು. ಅವರು ಲೈನ್ ಕಟ್ಟಾಯಿತು ಅಂದುಕೊಂಡು ಹಲೋ ಹಲೋ ಅಂದರು. ಆಮೇಲೆ ಬಹಳ ಮೆಲ್ಲಗೆ, 'ತೆಗೆದದ್ದನ್ನ ನಾನು ಎಸೆಯಲ್ಲ ಮೇಡಂ, ಬೇರೆ ಇಟ್ಟಿರ್ತೀನಿ. ಬೇಕಾ?' ಅಂತ ಕೇಳಿದರು.

ಬೇಕು ಅಂದೆ. ಅಷ್ಟು ಸಣ್ಣ ದನಿಯಲ್ಲಿ ನಾನು ಯಾವತ್ತೂ ಯಾರ ಹತ್ತಿರವೂ ಮಾತಾಡಿಲ್ಲ.

ಮನೆಗೆ ಬಂದು ಮೊದಲು ಡಿಸ್ಕ್ ಹಾಕಿ ಚಂದ್ರನ ಮುಖ ನಿಲ್ಲಿಸಿ ನೋಡಿದೆ. ಬಾಯಿಲ್ಲ, ಚಿಕ್ಕಮ್ಮ! ಮೂಗೂ ಇಲ್ಲ. ಜಗತ್ತಿನಲ್ಲಿ ಬಾಯಿಯ ಅಳತೆ ಹಿಡಿದೇ ಅನ್ನ ತಿನ್ನುವ ನಾನು ಅದನ್ನು ಗಮನಿಸದೆ ಇದ್ದೆನಲ್ಲ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ನಗುತ್ತಾ ನಗುತ್ತಾ ಅಳು ಬಂತು, ಇವರು ಗಾಬರಿಯಾಗಿ ನೀರು ತಂದುಕೊಟ್ಟರು. 'ಲೋಟದಲ್ಲಿ ನೀರಿಟ್ಟಿದೀನಿ' ಅಂದರು, ಹಾಗೇ, ಅದೇ ಮಾತು. ಎಲ್ಲಿಂದ ಬಂತೋ ಅವರ ಬಾಯಿಗೆ.

ಧ್ವನಿಯವರು ಕಳಿಸಿದ ಡಿಸ್ಕ್ ಹೋದ ವಾರ ಬಂತು. ಮನೆಯಲ್ಲಿ ಕೇಳಲು ಧೈರ್ಯ ಬರಲಿಲ್ಲ. ಕೆಲಸದ ಜಾಗಕ್ಕೆ ಒಯ್ದು, ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದಮೇಲೆ ಹಾಕಿದೆ. ಕಪಾಟಿನ ತುಂಬಾ ಬಿಳೀ ಬಾಯಿಗಳು, ಎಲ್ಲ ತೆರೆದುಕೊಂಡು ಸುಮ್ಮನೆ ಇದ್ದವು. ಅದರಲ್ಲಿ ಕೊಳಲಿಲ್ಲ, ನೀರಿಲ್ಲ, ಅಜ್ಜನಿಲ್ಲ. ನಮ್ಮ ಆ ಕೋಣೆ ಮಾತ್ರ ಇತ್ತು. ಗಾಜಿನ ಬಾಗಿಲ ಬೀರು, ಅಪ್ಪನ ಸ್ಟೂಲು, ಒಣಗಿದ ಬಟ್ಟೆಯ ರಾಶಿ, ಎಲ್ಲ ಸದ್ದಿನಲ್ಲೇ ಕಂಡವು. ನೀರು ಚಿಮುಕಿಸುವ ಸದ್ದು. ಧಡ್. ಬಳೆ. ಆಮೇಲೆ ನೀವು ಗಂಟಲು ಸ್ವಲ್ಪ ಸರಿಮಾಡಿಕೊಂಡಿರಿ, ಏನಾದರೂ ಹೇಳುವ ಮುಂಚೆ ಯಾವಾಗಲೂ ಮಾಡುತ್ತಿದ್ದಿರಲ್ಲ, ಹಾಗೆ. ಗುನುಗಲು ಶುರು ಮಾಡಿದಿರಿ.

ಅಯ್ಯೋ, ಅದೆಂಥ ಎಳೆಯ ದನಿ ನಿಮ್ಮದು! ಈಗಿನ ನನಗಿಂತ ಎಷ್ಟು ಚಿಕ್ಕವರು ನೀವು ಆಗ. ನಾನು ದಾರಿ ತಪ್ಪುತ್ತಿದ್ದ ಜಾಗದಲ್ಲಿ ರಾಗ ಕೆಳಗಿಳಿದು, ಅಲ್ಲೇ ಸ್ವಲ್ಪ ತೂಗಿ, ಮತ್ತೆ ಏರುತ್ತದೆ. ಈಗ ನನಗೆ ಪೂರ್ತಿ ಬರುತ್ತದೆ, ಮೇಣ ಕಾಯಿಸುತ್ತಾ ಹಾಡುತ್ತೇನೆ. ನೀವು ತಟ್ಟಲು ಬಂದರೆ ಗೋಡೆ ಕಡೆ ತಿರುಗುತ್ತಿದ್ದ ಹುಡುಗಿ, ಬಾಗಿಲು ಮುಂದೆ ಮಾಡಿಕೊಂಡು, ನಿಮ್ಮದೇ ಗುನುಗಿಗೆ ನಿದ್ದೆ ಹೋಗುತ್ತಿದ್ದಳು. ನೀವು ಬಾಗಿಲಾಚೆ ನಿಂತಿರುತ್ತಿದ್ದಿರಿ, ಒಳಗೂ ನೀವೇ ಇದ್ದಿರಿ. ನನಗೆ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅರ್ಜಿ ಬರೆದು, ಜಗಳ ಆಡಿ, ಊರೆಲ್ಲ ಹುಡುಕಿದ್ದು ನಿಮ್ಮನ್ನೇ.

ಗುಂಪಿನವರಿಗೆ ಹೇಳಿದೆ. ಅಧ್ಯಕ್ಷರು, 'ಹಂಗಾದ್ರೆ ನಮ್ಮೆಲ್ಲರ ಕ್ಯಾಸೆಟ್ಟಲ್ಲೂ ಯಾರ್ಯಾರಿದ್ರೋ ಏನೋಮ್ಮ. ನಾವೆಲ್ಲ ಸವೆಸಿ ಎಸೆದುಬಿಟ್ವಿ' ಅಂದರು. 'ಇಲಿ'ಯ ಅರ್ಜಿಗೆ ಮೊದಲ ಸಹಿ ನನ್ನದೇ ಅಂತ ಅವರಿಗೆ ಮಾತು ಕೊಟ್ಟಿದ್ದೇನೆ. ಕಂಪನಿಗೂ ಕ್ಷಮಿಸಿ ಅಂತ ಬರೆದೆ, ನನ್ನ ಹತ್ತಿರ ಆ ಪದ ಅಷ್ಟು ಸುಲಭಕ್ಕೆ ಹೊರಡುವುದಿಲ್ಲ, ನಿಮಗೆ ಗೊತ್ತು.

ಈ ಕಾಗದದ ಜೊತೆ ಎರಡು ಡಿಸ್ಕ್ ಇಟ್ಟಿದ್ದೇನೆ. ಒಂದರಲ್ಲಿ ದೀಪದಜ್ಜ, ಇನ್ನೊಂದರಲ್ಲಿ ನೀವು. ಮೊದಲು ಅಜ್ಜನದು ನೋಡಿ, ಈ ಸಲ ಟೀವಿಗೆ ಮುಖ ಮಾಡಿ ಕೂತುಕೊಳ್ಳಿ, ಇಸ್ತ್ರಿ ಗಿಸ್ತ್ರಿ ಏನೂ ಬೇಡ. ಮುಂದಿನ ಭಾನುವಾರ ನಾನೂ ಇವರೂ ಬರುತ್ತೇವೆ. ನಿಮ್ಮ ಮಡಿಲಲ್ಲಿ ತಲೆ ಇಡಬೇಕು ಅನಿಸುತ್ತಿದೆ, ನಿಮ್ಮಕ್ಕನ ಮುಂದೆ ನಾಚಿಕೆಯಾದರೂ ಸರಿ, ಇಡುತ್ತೇನೆ. ಆಗ ನಿಮ್ಮ ಕೈ ನನ್ನ ತಲೆ ಮೇಲಿಟ್ಟು ಹರಸಿ, ಮಾತಿಲ್ಲದೆ ಹರಸಿದರೂ ನನಗೆ ಕೇಳುತ್ತದೆ.

ನಿಮ್ಮ
ಸಿಡುಕಿ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಆದರೆ ನೀವು ಡಿಸ್ಕ್ ಹಾಕಿದರೆ ಹೇಗೂ ಕೇಳುತ್ತೀರಿ.

ನಿಮ್ಮ ಗುನುಗು ಮುಗಿಯುವುದಿಲ್ಲ, ನಡುವೆ ನಿಲ್ಲುತ್ತದೆ. ದೋಣಿ ಮರಳಿನ ಮೇಲೆ ಏರುವ ಸದ್ದು ಅಂತ ನಾನು ತಿಳಿದಿದ್ದ ಆ ಶ್ ಇದೆಯಲ್ಲ, ಅದು ಅಪ್ಪನದು. ರೆಕಾರ್ಡ್ ಆಗುತ್ತಿದೆ, ಸುಮ್ಮನಿರು ಅಂತ. ಅದಾದಮೇಲೆ, ಇಷ್ಟು ವರ್ಷ ಬಾತುಕೋಳಿಯ ರೆಕ್ಕೆ ಸದ್ದಿನ ಕೆಳಗೆ ಮುಚ್ಚಿಹೋಗಿದ್ದ ಒಂದು ಮಾತು ಈಗ ಸ್ಪಷ್ಟವಾಗಿ ಕೇಳುತ್ತದೆ. ನೀವು 'ತಪ್ಪಾಯ್ತು' ಅನ್ನುತ್ತೀರಿ.

ಅಪ್ಪ ಗಡಸು ಮನುಷ್ಯರಲ್ಲ, ಬಾತುಕೋಳಿ ರೆಕ್ಕೆ ಮುಚ್ಚುವಷ್ಟರಲ್ಲಿ ಅವರು ಅದನ್ನು ಮರೆತಿರುತ್ತಾರೆ. ನೀವು ಮರೆಯಲಿಲ್ಲ. ಆಗಷ್ಟೇ ಆ ಮನೆಗೆ ಬಂದವರು ನೀವು. ಆಮೇಲೆ ನೀವು ಹಾಡಿದ್ದನ್ನು ನಾನು ಕೇಳಿಯೇ ಇಲ್ಲ, ಒಂದು ದಿನವೂ, ಅಡುಗೆಮನೆಯಲ್ಲೂ. ಚಿಕ್ಕಮ್ಮನಿಗೆ ಹಾಡು ಬರುವುದಿಲ್ಲ ಅಂತಲೇ ಬೆಳೆದೆ. ಈಗ ಈ ಲೋಕದಲ್ಲಿ ನಿಮ್ಮ ದನಿಯಲ್ಲಿ ಉಳಿದಿರುವ ಮಾತು ಅದೊಂದೇ.

ಅದನ್ನು ಕೇಳಿದ ದಿನವೇ ಧ್ವನಿಯವರಿಗೆ ಫೋನ್ ಮಾಡಿದೆ. 'ಅದನ್ನ ಅಳಿಸಲಾ ಮೇಡಂ' ಅಂತ ಕೇಳಿದರು. ಬೇಡ ಅಂದೆ. ಅದರ ಮುಂದೆ ಸ್ವಲ್ಪ ಜಾಗ ಇದೆಯಾ ಅಂತ ಕೇಳಿದೆ. ಬೇಕಾದಷ್ಟಿದೆ ಅಂದರು. ನಾನು ಫೋನಿನಲ್ಲಿ ಹೇಳಿದೆ, ಅವರು ಅದನ್ನು ಸೇರಿಸಿ ಬೇರೆ ಡಿಸ್ಕ್ ಕಳಿಸಿಕೊಟ್ಟರು, ನಿಮಗೆ ಇಟ್ಟಿರುವುದು ಅದೇ. ಅದಕ್ಕೇ, 'ತಪ್ಪಾಯ್ತು' ಅಂದ ತಕ್ಷಣ ಆರಿಸಿಬಿಡಬೇಡಿ, ಒಂದು ಗಳಿಗೆ ಕಾಯಿರಿ. ವಯಸ್ಸಾದ ಹೆಂಗಸಿನ ದನಿ ಬರುತ್ತದೆ, ಸ್ವಲ್ಪ ನಡುಗುತ್ತದೆ, ಆದರೆ ಮಾತಾಡುವುದು ಗೋಡೆ ಕಡೆ ತಿರುಗಿದ್ದ ಆ ಹುಡುಗಿಯೇ.

'ಇಲ್ಲಮ್ಮ, ನಿಲ್ಲಿಸಬೇಡ. ಹಾಡು.'